ದೊಡ್ಡಿಗೆ ನಾನಿಟ್ಟ ಹೆಸರು

ಅಥವಾ ದೊಡ್ಡಿಯ ಆ ಬೋರ್ಡು ಹಸಿರು ಆಗಿರಲೇ ಇಲ್ಲವೋ ಏನೋ. ಹಸಿರು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿಯೇ ಅದು ಹಸಿರಾಗಿರಬೇಕು. ಮೊನ್ನೆ ಬಂಟ್ವಾಳ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವನು ಒಂದು ಹೋಟೆಲಿನ ಹಿಂದುಗಡೆ ಕೈ ತೊಳೆಯಲು ಹೋದೆ. ಬಚ್ಚಲಿಗೆ ಮರೆ ಕಟ್ಟಿದ್ದ ತಗಡಿನ ಮೇಲೆ 'ಶ್ರಯ' ಎಂಬ ಎರಡು ಅಕ್ಷರ ತಲೆಕೆಳಗಾಗಿ ಕಂಡವು. ಹಿನ್ನೆಲೆ ನೀಲಿ. ಚೆಂಬು ಹಿಡಿದುಕೊಂಡು ಕತ್ತು ವಾಲಿಸಿ ಓದುತ್ತಿದ್ದೆ.

"ಏನು ಮಾಸ್ಟ್ರೇ, ಕುತ್ತಿಗೆ ಹಿಡ್ಕೊಂಡಿತಾ?" ಎಂದು ಹೋಟೆಲಿನವರು ಕೇಳಿದರು.

"ಈ ತಗಡು ಎಲ್ಲಿಂದ ಬಂತು?"

"ನೆರೆಯಲ್ಲಿ ಬಂದದ್ದಿರಬೇಕು. ನಮ್ಮಲ್ಲಿ ಕೊಂಡು ತಂದದ್ದು ಯಾವುದುಂಟು, ತೇಲಿ ಬಂದದ್ದೇ ಜಾಸ್ತಿ."

ಅದು ನನ್ನ ಬೋರ್ಡೇ ಎಂದು ಪ್ರಮಾಣ ಮಾಡಲಾರೆ. 'ಶ್ರಯ' ಎಂದು ಮುಗಿಯುವ ಹೆಸರು ಈ ಜಿಲ್ಲೆಯಲ್ಲಿ ಎಷ್ಟೋ ಇರಬಹುದು. ಆದರೆ ಬಸ್ಸು ಹತ್ತಿದ ಮೇಲೂ ನನ್ನ ಕೈ ಒಣಗಿರಲಿಲ್ಲ. ಒರೆಸಿಕೊಳ್ಳಲು ಮರೆತಿದ್ದೆ, ಅಷ್ಟೆ.

ಮೊದಲು ದೊಡ್ಡಿಯ ವಿಷಯ ಹೇಳುತ್ತೇನೆ. ಆಗ ನಾನು ಹೊಳೆಬದಿಯ ಒಂದು ಪಂಚಾಯತಿಯ ಶಾಲೆಯಲ್ಲಿ ಕನ್ನಡ ಮಾಸ್ತರ. ಯಾವ ಪಂಚಾಯತಿ ಎನ್ನುವುದು ಬೇಡ, ಬಂಟ್ವಾಳದವರಿಗೆ ಹೇಗೂ ಗೊತ್ತಾಗುತ್ತದೆ. ಶಾಲೆಯಿಂದ ಕೂಗಳತೆಯ ದೂರದಲ್ಲಿ, ನೇತ್ರಾವತಿಗೆ ಬೆನ್ನು ಹಾಕಿ ಪಂಚಾಯತಿಯ ದನದ ದೊಡ್ಡಿ ಇತ್ತು. ಆಳೆತ್ತರದ ಮುರಕಲ್ಲಿನ ಗೋಡೆ, ಒಂದು ಹಲಗೆ ಬಾಗಿಲು, ಒಳಗೆ ಅರ್ಧಕ್ಕೆ ಹಂಚಿನ ಮಾಡು. ಗದ್ದೆಗೆ ಬಾಯಿ ಹಾಕಿದ ದನಗಳನ್ನು ಹಿಡಿದು ತಂದು ಅಲ್ಲಿ ಕೂಡುತ್ತಿದ್ದರು. ಕಾವಲಿಗೆ ಪೊಡಿಯಬ್ಬ ಬ್ಯಾರಿ ಎಂಬ ನರೆಗಡ್ಡದ ಮನುಷ್ಯ.

ದನ ಬಿಡಿಸಿಕೊಳ್ಳಲು ಬಂದವರಿಗೆ ಪೊಡಿಯಬ್ಬ ಒಂದು ಪರೀಕ್ಷೆ ಇಟ್ಟಿದ್ದ. ಕಾನೂನಿನಲ್ಲಿ ಇಲ್ಲದ್ದು, ಅವನದೇ ಸ್ವಂತದ್ದು. ಬಂದವರು ಗೋಡೆಯ ಹೊರಗೆ, ಪ್ರಾಣಿಯ ಕಣ್ಣಿಗೆ ಬೀಳದ ಹಾಗೆ ನಿಂತು, ಮನೆಯಲ್ಲಿ ಕರೆಯುವ ಹೆಸರು ಹಿಡಿದು ಮೂರು ಸಲ ಕರೆಯಬೇಕು. ಬಾಗಿಲಿಗೆ ಬಂದರೆ ಅದು ಅವರದ್ದು. ಬಾರದಿದ್ದರೆ ದೇವೇಂದ್ರನೇ ಬಂದು ಕೇಳಿದರೂ ಇಲ್ಲ. ಒಮ್ಮೆ ಯಾರೋ ಒಬ್ಬರು ಒಳ್ಳೆಯ ಕರಾವಿನ ಹಸುವೊಂದನ್ನು ನೋಡಿ ಆಸೆಪಟ್ಟು, ತಮ್ಮದೆಂದು ಹೇಳಿ, ಹೊರಗೆ ನಿಂತು "ಗಂಗೇ, ತುಂಗೇ, ಗೌರೀ" ಎಂದು ಗೊತ್ತಿದ್ದ ಹೆಸರನ್ನೆಲ್ಲ ಕೂಗಿದರಂತೆ. ಹಸು ಕಿವಿ ಕೂಡ ಅಲ್ಲಾಡಿಸಲಿಲ್ಲ. ಕುಂಟು ಆಡೊಂದು ಮೆಲ್ಲ ಬಂದು ಬಾಗಿಲಲ್ಲಿ ನಿಂತಿತು. "ಕರ್ಕೊಂಡು ಹೋಗಿ ಮಾರಾಯ್ರೆ, ನಿಮ್ಮ ಗಂಗೆ ಬಂದಿದ್ದಾಳೆ" ಎಂದನಂತೆ ಪೊಡಿಯಬ್ಬ.

ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷ ಆಗಿರಬೇಕು. ಎಲ್ಲದಕ್ಕೂ ಹೊಸ ಹೆಸರು ಇಡುವ ಹುರುಪು. ಪಂಚಾಯತಿಯ ಪ್ರೆಸಿಡೆಂಟ್ ಶೆಟ್ಟರು ಒಂದು ಸಂಜೆ ನನಗೆ ಹೇಳಿಕಳಿಸಿದರು.

"ಮಾಸ್ಟ್ರೇ, ದೊಡ್ಡಿ ಅಂದ್ರೆ ಜೈಲಿನ ಹಾಗೆ ಕೇಳ್ತದೆ. ಈಗ ಅಲ್ಲಿ ಏನೆಲ್ಲ ಉಂಟು! ಮಂಗಳವಾರ ಕೋಳಿಗೆ ಇಂಜೆಕ್ಷನ್ ಉಂಟು. ಹುಚ್ಚು ಹಿಡಿದ ಅನುಮಾನದ ನಾಯಿಯನ್ನು ಕಟ್ಟಿ ಹಾಕ್ತೇವೆ. ನೆರೆಗೆ ತೇಲಿ ಬಂದ ಜಾನುವಾರುಗಳನ್ನು ಇಟ್ಟುಕೊಳ್ತೇವೆ. ಹೆಸರು ಅದಕ್ಕೆಲ್ಲ ಹೊಂದಬೇಕು."

"ಗೋಶಾಲೆ?"

"ನಾಯಿ ಉಂಟಲ್ಲ?"

"ಪ್ರಾಣಿ ನಿಲಯ?"

"ಹಾಸ್ಟೆಲಿನ ಹಾಗಾಯ್ತು. ನಾಳೆ ಊಟ ಸರಿಯಿಲ್ಲ ಅಂತ ಅರ್ಜಿ ಬಂದೀತು."

ನನಗೆ ಎರಡು ದಿನ ನಿದ್ದೆ ಇಲ್ಲ. ಪದ ಹುಟ್ಟಿಸುವ ಕೆಲಸ ಸಿಕ್ಕಿದರೆ ಕನ್ನಡ ಮಾಸ್ತರನಿಗೆ ಬರುವ ಜಂಬ ಮದುಮಗನಿಗೂ ಬರುವುದಿಲ್ಲ. ಮೂರನೆಯ ದಿನ 'ಜೀವಾಶ್ರಯ' ಎಂದು ಬರೆದುಕೊಟ್ಟೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 'ದಾರಿ ತಪ್ಪಿದ, ತೇಲಿ ಬಂದ ಎಲ್ಲ ಜೀವಗಳಿಗೆ'. ಶೆಟ್ಟರು ಎರಡು ಸಲ ಓದಿ, "ಪದ್ಯದ ಹಾಗುಂಟು" ಎಂದರು. ಬೈದದ್ದೋ ಹೊಗಳಿದ್ದೋ ತಿಳಿಯಲಿಲ್ಲ. ಹೊಗಳಿದ್ದೆಂದು ಇಟ್ಟುಕೊಂಡೆ.

'ಜೀವ' ಎಂಬ ಮಾತು ನನಗೆ ಸಿಕ್ಕಿದ್ದು ಮೂಡಬಿದಿರೆಯಲ್ಲಿ. ಶಿರ್ತಾಡಿಯ ನಮ್ಮ ಮನೆಯಿಂದ ದಿನಾ ನಡೆಯಲಾರೆ ಎಂದು ಹೈಸ್ಕೂಲಿಗೆ ನನ್ನನ್ನು ಅಲ್ಲಿ ಒಂದು ಜೈನರ ಮನೆಯಲ್ಲಿ ಬಿಟ್ಟಿದ್ದರು. ಆ ಮನೆಯ ಅಮ್ಮ ಬಾವಿಯ ನೀರನ್ನು ಬಿಳಿಯ ಬಟ್ಟೆಯಲ್ಲಿ ಸೋಸುತ್ತಿದ್ದರು. ಸೋಸಿ ಆದಮೇಲೆ ಬಟ್ಟೆಯನ್ನು ಮಗುಚಿ, ಸ್ವಲ್ಪ ನೀರು ಹೊಯ್ದು, ಅದರಲ್ಲಿ ಉಳಿದದ್ದನ್ನು ಮತ್ತೆ ಅದೇ ಬಾವಿಗೆ ಇಳಿಸುತ್ತಿದ್ದರು. ನನಗೆ ಬಟ್ಟೆಯ ಮೇಲೆ ಏನೂ ಕಾಣುತ್ತಿರಲಿಲ್ಲ. "ಏನುಂಟು ಅದರಲ್ಲಿ?" ಎಂದು ಕೇಳಿದರೆ "ಜೀವ ಉಂಟು" ಎನ್ನುತ್ತಿದ್ದರು. ಆ ಮನೆಯಲ್ಲಿ ಕತ್ತಲೆಗೆ ಮೊದಲೇ ಊಟ. ಬೇಗ ಮಲಗಿ, ಹಸಿವಾಗಿ ಎಚ್ಚರವಾದಾಗಲೆಲ್ಲ ನನಗೆ ಬಾವಿಯೊಳಗೆ ಆ ಕಾಣದವು ಮನೆಗೆ ಮರಳಿದ ಸಂತೋಷದಲ್ಲಿ ಪಿಸುಗುಟ್ಟುವುದು ಕೇಳುತ್ತಿತ್ತು. ಅಂತೂ ನನ್ನ ಪಾಲಿಗೆ ಜೀವ ಎಂದರೆ ಇರುವೆಯಿಂದ ಆನೆಯವರೆಗೆ ಎಲ್ಲವೂ.

ಹೊಳೆಬದಿಯವರಿಗೆ ಹಾಗಲ್ಲ. ಅವರು ಆಡುವುದು ತುಳು. ಕನ್ನಡ ಓದುವಾಗಲೂ ಕಿವಿ ತುಳುವಿನದ್ದೇ. ನೆರೆಯಲ್ಲಿ ದನ ಹೋದರೆ ಅಲ್ಲಿ 'ದನ ಹೋಯಿತು' ಎನ್ನುತ್ತಾರೆ. 'ಎರಡು ಜೀವ ಹೋಯಿತು' ಎಂದರೆ ಇಬ್ಬರು ಮನುಷ್ಯರು. ಈ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ದಿನಾ ಕೇಳುತ್ತಿದ್ದೆ. ಬರೆಯುವಾಗ ನೆನಪಾಗಲಿಲ್ಲ.

ಬೋರ್ಡು ಏರಿದ್ದು ಮಳೆಗೆ ಮೊದಲು. ಆ ವರ್ಷ ಆಟಿ ತಿಂಗಳ ಜಡಿಮಳೆಗೆ ನೆರೆ ಬಂತು. ಪೇಟೆಯ ಅಂಗಡಿಗಳ ಮಾಳಿಗೆಗೆ ದೋಣಿ ಕಟ್ಟಿದರು. ಅಣ್ಣು ಪೂಜಾರಿ ಎಂಬ ದೋಣಿಯವನೊಬ್ಬ, ಮಂಗಳೂರಿಂದ ಸಾಮಾನು ತರುತ್ತಿದ್ದವನು, ಪಾಣೆಮಂಗಳೂರಿನ ಕೆಳಗೆ ದೋಣಿ ಸಮೇತ ಕಾಣೆಯಾದ. ದೋಣಿಯ ಹಲಗೆ ಸಿಕ್ಕಿತು, ಅವನು ಸಿಗಲಿಲ್ಲ. ನೀರು ಇಳಿದ ಮೇಲೆ, ತೇಲಿ ಬಂದವೆಂದು ದೊಡ್ಡಿ ಸೇರಿದ್ದು ಎರಡು ಆಡು, ಒಂದು ಕೋಣ. ಕೋಣದ ಮೂಗಿನಲ್ಲಿ ಚುಚ್ಚಿದ ಗುರುತಿತ್ತು, ಹಗ್ಗ ಇರಲಿಲ್ಲ. ಆಡುಗಳನ್ನು ಬಂದು ಕರೆದುಕೊಂಡು ಹೋದರು. ಕೋಣವನ್ನು ಎಷ್ಟು ಜನ ಬಂದು ಎಷ್ಟು ಹೆಸರು ಕರೆದರೂ ಅದು ಹೊಳೆಯ ಕಡೆಯ ಗೋಡೆಗೆ ಮುಖ ಮಾಡಿಯೇ ನಿಂತಿತ್ತು.

ಮಧ್ಯಾಹ್ನದ ಬಿಡುವಿನಲ್ಲಿ ನಾನು ಆಗಾಗ ದೊಡ್ಡಿಯ ಕಡೆ ಹೋಗುತ್ತಿದ್ದೆ. ಕೋಣ ನೋಡಲಿಕ್ಕಲ್ಲ, ಬೋರ್ಡು ನೋಡಲಿಕ್ಕೆ. ನಾಚಿಕೆಯ ಸಂಗತಿ, ಆದರೂ ಹೇಳಬೇಕು. ಹಾಗೆ ಒಂದು ದಿನ ಅರ್ಧ ದಾರಿಯಲ್ಲಿ ಮಳೆ ಹೊಯ್ದು ನಾನು ಓಡಿ ಒಳಗಿನ ಮಾಡಿನ ಕೆಳಗೆ ನಿಂತೆ. ಪೊಡಿಯಬ್ಬ ಹೊರಗೆ ಬಾಗಿಲ ಪಕ್ಕದ ಚಾವಡಿಯಲ್ಲಿ ಬೀಡಿ ಹಚ್ಚಿಕೊಂಡಿದ್ದ. ಒಳಗೆ ಕೋಣ, ಮೂಲೆಯಲ್ಲಿ ಕಟ್ಟಿದ ಒಂದು ನಾಯಿ, ಮತ್ತು ನಾನು. ಮಳೆ ಥಟ್ಟನೆ ನಿಂತಿತು. ನಿಂತ ಮೇಲಿನ ಆ ಮೌನದಲ್ಲಿ ಹೊರಗೊಂದು ಹೆಂಗಸಿನ ದನಿ ಕೇಳಿತು.

(ಅವರ ಮಾತೆಲ್ಲ ತುಳುವಿನಲ್ಲಿ ನಡೆದದ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಷ್ಟರಮಟ್ಟಿಗೆ ಇದು ಆಗಲೇ ಬೇರೆ ಆಗಿದೆ.)

"ಬ್ಯಾರಿಗಳೇ, ತೇಲಿ ಬಂದ ಜೀವಗಳನ್ನು ಇಲ್ಲಿ ಇಟ್ಟಿದ್ದೀರಂತೆ."

"ದನ, ಆಡು ಅಕ್ಕಾ. ಈಗ ಒಂದು ಕೋಣ ಉಂಟು."

"ಬೋರ್ಡಿನಲ್ಲಿ ಎಲ್ಲ ಜೀವಗಳಿಗೆ ಅಂತ ಉಂಟಂತೆ. ನಮ್ಮ ಭಾವ ಓದಿ ಹೇಳಿದ್ರು. 'ಹೋಗು, ನಿನ್ನ ಗಂಡನನ್ನು ಪಂಚಾಯತಿಯವರು ಹುಲ್ಲು ಹಾಕಿ ಸಾಕ್ತಿದ್ದಾರೆ, ಬಿಡಿಸ್ಕೊಂಡು ಬಾ' ಅಂದ್ರು."

ಅಣ್ಣು ಪೂಜಾರಿಯ ಹೆಂಡತಿ ಕಲ್ಯಾಣಕ್ಕ. ಅವಳೇ ಮುಂದುವರಿಸಿದಳು. ಬರುವ ಭಾನುವಾರ ಬೊಜ್ಜ ಇಟ್ಟಿದ್ದಾರೆ. ಬೊಜ್ಜ ಎಂದರೆ ನಮ್ಮಲ್ಲಿ ಸತ್ತವರ ಉತ್ತರಕ್ರಿಯೆ. ಅದು ಮುಗಿದರೆ ಕರಿಮಣಿ ತೆಗೆಯಬೇಕು, ಆಮೇಲೆ ಗಂಡ ಬಾಗಿಲಿಗೆ ಬಂದು ನಿಂತರೂ ಅವನು ಸತ್ತವನೇ. ಹೆಣ ಕಾಣದೆ ಹೇಗೆ ತೆಗೆಯಲಿ ಎಂದು ಅವಳ ಹಟ. "ಒಮ್ಮೆ ಕರೆದು ನೋಡ್ತೇನೆ. ಓಗೊಡದಿದ್ರೆ ಭಾನುವಾರ ತೆಗೀತೇನೆ. ಬೇಡ ಅನ್ನುವುದಿಲ್ಲ."

"ಕರೆಯಿರಿ" ಎಂದ ಪೊಡಿಯಬ್ಬ.

ಅವಳು ಕರೆದಳು. "ಓಯ್... ಇಲ್ಲಿ ಕೇಳಿ..."

"ಹಾಗಲ್ಲ ಅಕ್ಕಾ, ಹೆಸರು ಹಿಡಿದು ಕರೀಬೇಕು. ನನ್ನ ರೂಲು ಹಾಗುಂಟು."

ಅವನು ಹಾಗೆ ಹೇಳಿದ್ದು ಅವಳನ್ನು ಸಾಗಹಾಕಲಿಕ್ಕೆ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ತುಂಡಾಗುತ್ತದೆ ಎಂದು ನಂಬಿದ ಹೆಂಗಸು. ಮದುವೆಯಾದಂದಿನಿಂದ ಆ ಎರಡಕ್ಷರ ಅವಳ ಬಾಯಿಗೆ ಬಂದಿರಲಿಲ್ಲ. ಹೇಳಲಾರದೆ ಮನೆಗೆ ಹೋಗುತ್ತಾಳೆ ಎಂದು ಬ್ಯಾರಿಯ ಲೆಕ್ಕ. ಒಳ್ಳೆಯ ಮನುಷ್ಯ.

ಹಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ, "ಅಣ್ಣೂ" ಎಂದು.

ಕೂಗು ಎನ್ನುವಂತಿರಲಿಲ್ಲ ಅದು. ಹೊಸದಾಗಿ ಕಲಿತ ಮಾತನ್ನು ಆಡಿ ನೋಡುವ ಹಾಗೆ. ಕೋಣ ಗೋಡೆಯಿಂದ ತಲೆ ತಿರುಗಿಸಿತು. ಎರಡನೆಯ ಸಲ ದನಿ ಸ್ವಲ್ಪ ಗಟ್ಟಿಯಾಯಿತು. ಮೂಲೆಯ ನಾಯಿ ಎದ್ದು ನಿಂತು, ಹೊಟ್ಟೆಯನ್ನು ನೆಲಕ್ಕೆ ತಾಗಿಸಿ ಹಿಂದೆ ಸರಿಯಿತು. ಮೂರನೆಯ ಸಲ ಅವಳು ಊರಿಗೇ ಕೇಳುವ ಹಾಗೆ, ಹೊಳೆಯಿಂದಾಚೆ ಇರುವವನನ್ನು ಊಟಕ್ಕೆ ಕರೆಯುವ ಹಾಗೆ, "ಅಣ್ಣೂ..." ಎಂದು ಕೂಗಿದಳು.

"ಓ" ಎಂದಿತು.

ಅದು ಒಳಗಿನಿಂದ ಬಂತು ಎನ್ನುವುದರಲ್ಲಿ ಮೂವರಿಗೂ ಸಂಶಯವಿಲ್ಲ. ಗಂಡಸಿನ ದನಿ, ನಿದ್ದೆಯಿಂದ ಎದ್ದವನು ಓಗೊಟ್ಟ ಹಾಗೆ. ಹೊರಗೆ ಅವಳ ಬಳೆಗಳು ಗೋಡೆಗೆ ತಾಗಿದ ಸದ್ದು. ಕೋಣ ನಡೆದು ಬಂದು ಬಾಗಿಲಿಗೆ ಮೂತಿ ಇಟ್ಟಿತು. ಪೊಡಿಯಬ್ಬ ಬಾಗಿಲು ತೆಗೆದ. ಯಾಕೆ ತೆಗೆದೆ ಎಂದು ಆಮೇಲೆ ಕೇಳಿದ್ದಕ್ಕೆ, "ಕರೆದಾಗ ಬಂದ್ರೆ ತೆಗಿಯುವುದಲ್ಲವಾ ಮಾಸ್ಟ್ರೇ" ಎಂದ. ಕೋಣ ಹೊರಗೆ ಹೋಯಿತು. ಅದರ ಹಿಂದೆ ನಾನೂ ಹೋದೆ. ಅದಿಲ್ಲದೆ ಅಲ್ಲಿ ನಿಲ್ಲಲು ನನಗೆ ಧೈರ್ಯ ಇರಲಿಲ್ಲ. ಕಲ್ಯಾಣಕ್ಕ ಕೋಣವನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ನಮ್ಮ ಹಿಂದೆ ಖಾಲಿ ಬಾಗಿಲನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ಎಳೆದುಕೊಂಡು ತಿರುಗಿ ನಡೆದಳು. ಹಗ್ಗವಿಲ್ಲದ ಕೋಣ ಅವಳ ಹಿಂದೆ ಹೋಯಿತು.

"ಕೋಣವೇ ಕೂಗಿದ್ದು" ಎಂದ ಪೊಡಿಯಬ್ಬ.

"ಕೋಣ ಹಾಗೆ ಕೂಗ್ತದಾ?"

"ಕೂಗಬೇಕಾದ್ರೆ ಕೂಗ್ತದೆ." ಅವನ ಬೀಡಿ ಆರಿಹೋಗಿತ್ತು, ಅದನ್ನೇ ಎಳೆಯುತ್ತಿದ್ದ.

ಭಾನುವಾರ ಬೊಜ್ಜ ನಡೆಯಲಿಲ್ಲ. ಗಂಡ ಓಗೊಟ್ಟಿದ್ದಾನೆ, ಬ್ಯಾರಿಯೂ ಮಾಸ್ತರರೂ ಸಾಕ್ಷಿ ಎಂದು ಅವಳು ಹೇಳಿದಳಂತೆ. ಭಾವನೊಂದಿಗೆ ಜಗಳವಾಗಿ, ಬೆಳ್ತಂಗಡಿಯಿಂದಾಚೆ ಅಳದಂಗಡಿಯ ತವರಿಗೆ ಕೋಣ ಸಮೇತ ಹೋದಳು. ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ವಾರದಿಂದ ದೊಡ್ಡಿಯ ಗೋಡೆಯ ಹೊರಗೆ ನಡುಮಧ್ಯಾಹ್ನ ಒಬ್ಬಿಬ್ಬರು ಬಂದು ನಿಲ್ಲತೊಡಗಿದರು. ಯಾವ ಯಾವ ನೆರೆಯಲ್ಲಿ ಯಾರನ್ನು ಕಳೆದುಕೊಂಡವರೋ. ಕೂಗುತ್ತಿರಲಿಲ್ಲ, ಸುಮ್ಮನೆ ನಿಲ್ಲುತ್ತಿದ್ದರು. ಒಬ್ಬ ಮುದುಕ ಗೋಡೆಯ ಕಲ್ಲಿಗೆ ಬಾಯಿ ಹತ್ತಿರ ತಂದು ಏನೋ ಹೇಳಿ, ಕಿವಿ ಇಟ್ಟು ಕೇಳುವುದನ್ನು ತರಗತಿಯ ಕಿಟಕಿಯಿಂದ ನಾನೇ ಕಂಡೆ. ಪ್ರೆಸಿಡೆಂಟ್ ಶೆಟ್ಟರು ಬೋರ್ಡಿನ ಎರಡನೆಯ ಸಾಲನ್ನು ಅಳಿಸಿಹಾಕಿಸಿದರು. "ಮಾಸ್ಟ್ರೇ, ಇನ್ನು ನಿಮ್ಮ ಪದ್ಯ ಶಾಲೆಯೊಳಗೇ ಇರಲಿ" ಎಂದರು. ಅವರು ನಗಲಿಲ್ಲ. ನಾನೂ ನಗಲಿಲ್ಲ.

ಒಂದು ವಿಷಯ ಈವರೆಗೆ ಬಿಟ್ಟಿದ್ದೇನೆ. ಬೇಕೆಂದೇ ಬಿಟ್ಟದ್ದು.

ಶಿರ್ತಾಡಿಯ ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದದ್ದು ಅಣ್ಣು ಎಂದು. ಇದರಲ್ಲಿ ವಿಶೇಷವೇನಿಲ್ಲ, ನಮ್ಮ ಕಡೆ ಮನೆಗೊಬ್ಬ ಅಣ್ಣು ಇರುತ್ತಾನೆ. ಶಾಲೆಯ ಪುಸ್ತಕದಲ್ಲಿ ಉದ್ದದ ಹೆಸರು, ಮನೆಯಲ್ಲಿ ಅಣ್ಣು. ಅಜ್ಜಿ ಒಂದು ಪಾಠ ಕಲಿಸಿದ್ದಳು: ಹೊರಗಿನಿಂದ ಯಾರಾದರೂ ಕರೆದರೆ ಮೊದಲ ಸಲಕ್ಕೆ ಓಗೊಡಬಾರದು, ಎರಡನೆಯ ಸಲಕ್ಕೂ ಕೂಡದು. ಸತ್ತವರು ಎರಡೇ ಸಲ ಕರೆಯುತ್ತಾರೆ. ಮೂರನೆಯ ಸಲ ಕರೆದರೆ ಅದು ಮನುಷ್ಯರು. ನಾನು ಮಹಾ ವಿಧೇಯ. ತೋಟದಲ್ಲಿ ಆಡುತ್ತಿದ್ದರೂ, ಬಚ್ಚಲಲ್ಲಿ ಇದ್ದರೂ, ಮನಸ್ಸಿನಲ್ಲೇ ಎಣಿಸಿ ಮೂರನೆಯದಕ್ಕೆ ಸರಿಯಾಗಿ "ಓ" ಎನ್ನುತ್ತಿದ್ದೆ. ಊಟ ಆರಿಹೋಗುತ್ತಿತ್ತು. ಅಪ್ಪ ಬೈಯುತ್ತಿದ್ದರು. ಅಜ್ಜಿ ಸತ್ತ ಮೇಲೆ ನನ್ನನ್ನು ಆ ಹೆಸರು ಹಿಡಿದು ಯಾರೂ ಕರೆದಿರಲಿಲ್ಲ.

ಆ ಮಧ್ಯಾಹ್ನ ದೊಡ್ಡಿಯೊಳಗೆ ನಾನು ಎಣಿಸುತ್ತಿದ್ದೆನೇ? ಬಾಯಿ ತೆರೆದ ನೆನಪಿಲ್ಲ. ಗಂಟಲು ಒಣಗಿದ ನೆನಪುಂಟು. "ಓ" ಎಂಬ ದನಿ ನನ್ನ ಎಡಗಡೆಯಿಂದ ಬಂದ ಹಾಗೆ ಅನೇಕ ಸಲ ಅನಿಸಿದೆ. ಆದರೆ ಮನುಷ್ಯನಿಗೆ ತನ್ನ ದನಿ ಯಾವ ಕಡೆಯಿಂದ ಕೇಳುತ್ತದೆ ಎಂದು ಯಾರಿಗೆ ಗೊತ್ತು? ಪೊಡಿಯಬ್ಬನನ್ನು ಕೇಳಬಹುದಿತ್ತು. ಕೇಳಲಿಲ್ಲ. 'ಕೋಣವೇ ಕೂಗಿದ್ದು' ಎನ್ನುವಾಗ ಅವನು ನನ್ನ ಮುಖ ನೋಡಿರಲಿಲ್ಲ.

ನಾಲ್ಕೈದು ವರ್ಷದ ಮೇಲೆ ನನಗೆ ಬೆಳ್ತಂಗಡಿಗೆ ವರ್ಗವಾಯಿತು. ಶಾಲೆಗೆ ಬಾರದ ಮಕ್ಕಳ ಪಟ್ಟಿ ಮಾಡಲು ಮನೆ ಮನೆಗೆ ಹೋಗಬೇಕಿತ್ತು. ಅಳದಂಗಡಿಯ ಕಡೆಗೆ ನಾನೇ ಕೇಳಿ ಹೋದೆ. ಹೇಳಿಬಿಡುವುದು ಎಂದು ನಿಶ್ಚಯ ಮಾಡಿಕೊಂಡಿದ್ದೆ.

ಕಲ್ಯಾಣಕ್ಕ ಜಗಲಿಯಲ್ಲಿ ಬೀಡಿ ಕಟ್ಟುತ್ತ ಕೂತಿದ್ದಳು. ಕುತ್ತಿಗೆಯಲ್ಲಿ ಕರಿಮಣಿ ಇತ್ತು.

"ಬಂಟ್ವಾಳದ ಮಾಸ್ಟ್ರಲ್ಲವಾ? ಕೂತ್ಕೊಳ್ಳಿ. ಬೆಲ್ಲ ನೀರು ತರ್ತೇನೆ."

ಅಂಗಳದ ತುದಿಯಲ್ಲಿ ಕೋಣ ಮಲಗಿತ್ತು. ನಾನು ಅತ್ತ ನೋಡಿದ್ದನ್ನು ಕಂಡು, "ಅವರಿಗೆ ಈಗ ಕಣ್ಣು ಮಂಜು" ಎಂದಳು. ಯಾರಿಗೆ ಎಂದು ನಾನು ಕೇಳಲಿಲ್ಲ.

ಬೆಲ್ಲದ ತುಂಡು ಬಾಯಲ್ಲಿ ಇಟ್ಟುಕೊಂಡು ಹೇಗೆ ಶುರು ಮಾಡಲಿ ಎಂದು ಯೋಚಿಸುತ್ತಿದ್ದೆ. ಅವಳೇ ಶುರು ಮಾಡಿದಳು. ಭಾವ ಮೊನ್ನೆ ಬಂದಿದ್ದರು. ಅವರ ಮನೆಯಲ್ಲಿ ಒಂದರ ಮೇಲೊಂದು ಕಾಯಿಲೆ. ಜೋಯಿಸರಲ್ಲಿ ಪ್ರಶ್ನೆ ಇಟ್ಟಾಗ, ಹೋದವನಿಗೆ ಹಿರಿಯರೊಂದಿಗೆ ಒಳಗೆ ಜಾಗ ಕೊಡದೆ ಹೊರಗೆ ನಿಲ್ಲಿಸಿದ್ದೀರಿ ಎಂದು ಕಂಡುಬಂತಂತೆ. ಬರುವ ಅಮಾವಾಸ್ಯೆಗೆ ಬೊಜ್ಜ ಮಾಡಿಯೇ ಸಿದ್ಧ ಅಂದರಂತೆ.

"ನಾನು ಹೂಂ ಅಂದ್ರೆ ಮಾಡ್ತಾರೆ. ನಾಳೆ ಹೇಳಿಕಳಿಸ್ಬೇಕು. ನಿಮ್ಮನ್ನು ದೇವರೇ ಕಳಿಸಿದ ಹಾಗಾಯ್ತು ಮಾಸ್ಟ್ರೇ. ಆ ದಿನ ಬ್ಯಾರಿಗಳೂ ನಾನೂ ಹೊರಗೆ ಇದ್ದೆವು. ಒಳಗೆ ಇದ್ದದ್ದು ನೀವೊಬ್ಬರೇ."

ನಾನು ಹೂಂಗುಟ್ಟಿದೆ.

"ಅವರು ಓ ಅಂದಾಗ ಎಲ್ಲಿ ನಿಂತಿದ್ರು?"

ನನ್ನ ಹೆಸರೂ ಅಣ್ಣು ಎಂದು ಹೇಳಬೇಕಿದ್ದದ್ದು ಆಗ. ಬಾಯಿಯಲ್ಲಿ ಬೆಲ್ಲವಿತ್ತು. ಅವಳು ಅರ್ಧ ಕಟ್ಟಿದ ಬೀಡಿಯನ್ನು ಹಾಗೇ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಮಾಡಿನ ಕೆಳಗೆ" ಎಂದೆ. "ಬಾಗಿಲಿಗೆ ಹತ್ತಿರ."

"ಒದ್ದೆ ಇದ್ರಾ?"

ಆ ದಿನ ಮಳೆಯಲ್ಲಿ ಓಡಿ ಬಂದ ನನ್ನ ಪಂಚೆಯಿಂದ ನೀರಿಳಿಯುತ್ತಿತ್ತು. ಕೋಣದ ಮೈಯಿಂದಲೂ.

"ಹೌದು. ಪೂರ್ತಿ ಒದ್ದೆ."

ಅವಳು ತಲೆಯಾಡಿಸಿದಳು. ಬೀಡಿಗೆ ನೂಲು ಸುತ್ತಿ, ತುದಿ ಮಡಚಿ, ಮೊರದಲ್ಲಿಟ್ಟು, "ಹಾಗಾದ್ರೆ ಸರಿ" ಎಂದಳು. ಒಳಗೆ ಹೋಗಿ ಇನ್ನೊಂದು ಚೆಂಬು ನೀರು ತಂದುಕೊಟ್ಟಳು. ನಾನು ಪಟ್ಟಿಯಲ್ಲಿ ಆ ಮನೆಯ ಎದುರು 'ಮಕ್ಕಳಿಲ್ಲ' ಎಂದು ಬರೆದು ಎದ್ದೆ.

ಸರಿ ಎಂದದ್ದು ಯಾವುದಕ್ಕೆ? ಒದ್ದೆಯಾಗಿ ಬಂದವನು ಹೊಳೆಯಲ್ಲಿ ಮುಳುಗಿದವನೇ, ಬೊಜ್ಜ ಮಾಡಲಿ ಎಂದೋ. ಒದ್ದೆಯಾದರೂ ಈಜಿ ದಡಕ್ಕೆ ಬಂದನಲ್ಲ, ಇನ್ನೂ ಕಾಯುತ್ತೇನೆ ಎಂದೋ? ಬಸ್ಸು ಸಿಗುವವರೆಗೂ ಯೋಚಿಸಿದೆ. ಅಮಾವಾಸ್ಯೆ ಬಂತು, ಹೋಯಿತು. ಆ ದಾರಿಯಲ್ಲಿ ನಾನು ಮತ್ತೆ ಹೋಗಲಿಲ್ಲ, ಯಾರನ್ನೂ ವಿಚಾರಿಸಲಿಲ್ಲ. ಅವಳು ನಾಳೆಗೆ ಏನೆಂದು ಹೇಳಿಕಳಿಸಿದಳೋ ನನಗೆ ಗೊತ್ತಿಲ್ಲ. ನಾನು ಅವಳಿಗೆ ಹೇಳಿದ್ದು ಯಾರ ಬಗ್ಗೆ ಎನ್ನುವುದೂ ನನಗೆ ಗೊತ್ತಿಲ್ಲ.